ಕಾರಿನ ಮೂತಿಗೆ ಕಟ್ಟಿದ ಬಲೆ

ನಮ್ಮ ಕಾರಿನ ಮುಂದೆ, ನಂಬರ್ ಪ್ಲೇಟಿನ ಕೆಳಗೆ ಬಂಪರು ಬಾಯಿ ತೆರೆದುಕೊಂಡಿರುವ ಕಡೆ, ನಾನೊಂದು ತಂತಿ ಬಲೆ ಕಟ್ಟಿಸಿದ್ದೇನೆ. ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಅದನ್ನು ನೋಡಿ ನಗದವರಿಲ್ಲ. ಎದುರು ಮನೆಯ ಯಜಮಾನರು ಕೋಳಿ ಎಷ್ಟು ಸಾಕಿದ್ದೀರಿ ಎಂದು ವಿಚಾರಿಸಿದರು. ನನ್ನ ಟೈಲರಿಂಗ್ ಅಂಗಡಿಗೆ ರವಿಕೆ ಹೊಲಿಸಲು ಬರುವ ಹೆಂಗಸರು, ಎತ್ತಿನ ಬಾಯಿಗೆ ಕುಕ್ಕೆ ಹಾಕಿದ ಹಾಗಿದೆ ಎಂದು ಕಿಸಕ್ಕೆಂದರು. ನಗಲಿ. ಕಂಡವರ ಕಾರಿನ ಮೂತಿ ನೋಡಿ ನಗುವಷ್ಟು ಪುರುಸೊತ್ತು ನನಗೆ ಯಾವತ್ತೂ ಸಿಕ್ಕಿಲ್ಲ.

ನನ್ನ ಮಗಳಿಗೆ ಬೆವರು ಬರುವುದಿಲ್ಲ. ಕಡಿಮೆ ಬರುತ್ತದೆ ಎಂದಲ್ಲ, ಬರುವುದೇ ಇಲ್ಲ. ಹುಟ್ಟುವಾಗಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳಿರಲಿಲ್ಲ. ಮಗುವಾಗಿದ್ದಾಗ ಮೈ ಸುಡುತ್ತಿತ್ತು, ನಾವು ಜ್ವರ ಎಂದು ಔಷಧಿ ಕುಡಿಸುತ್ತಿದ್ದೆವು, ಔಷಧಿಗೆ ಜ್ವರ ಇಳಿಯುತ್ತಿರಲಿಲ್ಲ. ಹಲ್ಲು ತಡವಾಗಿ, ಅದೂ ಅಲ್ಲೊಂದು ಇಲ್ಲೊಂದು ಬಂದಾಗ ಒಬ್ಬ ಡಾಕ್ಟರು ಅವಳನ್ನು ಸರಿಯಾಗಿ ನೋಡಿ ವಿಷಯ ಹೇಳಿದರು. ಇದಕ್ಕೆ ಮದ್ದಿಲ್ಲ, ಮೈ ಕಾಯದಂತೆ ನೋಡಿಕೊಳ್ಳಿ, ಅಷ್ಟೇ ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಒದ್ದೆ ಟವೆಲ್ಲು ಒಣಗಿದ್ದಿಲ್ಲ. ಅತ್ತೆ ಬದುಕಿರುವವರೆಗೂ ಅವರೇ ಮೊಮ್ಮಗಳ ಕತ್ತಿಗೆ ಟವೆಲ್ಲು ಸುತ್ತಿ, ಗಂಟೆಗೊಮ್ಮೆ ಹಿಂಡಿ ಮತ್ತೆ ಸುತ್ತುತ್ತಿದ್ದರು.

ಕಾರು ಕೊಂಡದ್ದು ಅದಕ್ಕೇ. ನನ್ನ ಗಂಡ ಹೆಬ್ಬಾಳದ ಕಡೆಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಅವರಿಗೆ ಸ್ಕೂಟರು ಸಾಕು. ನನಗೆ ನಡೆದರೆ ಅಂಗಡಿ. ಕಾರು ಬೇಕಾಗಿದ್ದುದು ಮಗಳನ್ನು ಕಾಲೇಜಿಗೆ ಬಿಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸ್ಸು ಕರೆತರುವುದಕ್ಕೆ. ಸೆಕೆಂಡ್ ಹ್ಯಾಂಡ್ ಕಾರು ತೋರಿಸಿದವನು ಮೈಲೇಜು, ಬಣ್ಣ, ಸೀಟು ಎಂದೆಲ್ಲ ವರ್ಣಿಸುತ್ತಿದ್ದ. ನಾನು ಎ.ಸಿ. ಹಾಕಿಸಿ, ಒಳಗೆ ಕೂತು, ಬಿಸಿಲಿನಲ್ಲಿ ನಿಲ್ಲಿಸಿಯೇ ನೋಡಿದೆ. ನನಗೆ ಅದು ಚಕ್ರವಿರುವ ತಂಪು ಕೋಣೆ, ಅಷ್ಟೇ.

ಆ ತಂಪನ್ನು ಕೊಡುವ ಭಾಗವನ್ನು ಕಾರು ಮಾಡುವವರು ಎಲ್ಲಕ್ಕಿಂತ ಮುಂದೆ ಇಟ್ಟಿದ್ದಾರೆ. ಕಂಡೆನ್ಸರ್ ಎನ್ನುತ್ತಾರೆ. ರೇಡಿಯೇಟರಿನ ಮುಂದೆ ನಿಲ್ಲಿಸಿದ ಒಂದು ಹಲಗೆ, ಅದರ ತುಂಬ ಕಾಗದದಷ್ಟು ತೆಳುವಾದ ಎಸಳುಗಳು, ನಡುವೆ ಗ್ಯಾಸು ಹರಿಯುವ ಸಣ್ಣ ಕೊಳವೆಗಳು. ಗಾಳಿ ತಾಗಬೇಕೆಂದು ಮುಂದೆ ಇಟ್ಟರಂತೆ. ಗಾಳಿ ತಾಗುವ ಕಡೆ ಕಲ್ಲೂ ತಾಗುತ್ತದೆ ಎಂದು ಯೋಚಿಸಿದವರು ಮೈಸೂರಿನ ರಿಂಗ್ ರಸ್ತೆ ನೋಡಿರಲಿಕ್ಕಿಲ್ಲ. ನಮ್ಮಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳು ಮೇಲೆ ಟಾರ್ಪಾಲಿಲ್ಲದೆ, ಮದುವೆ ಮನೆಯಲ್ಲಿ ಅಕ್ಷತೆ ಎರಚಿದ ಹಾಗೆ ಎರಚುತ್ತ ಹೋಗುತ್ತವೆ.

ಹುಣಸೂರು ರಸ್ತೆಯಲ್ಲಿ ಅಂಥದೊಂದು ಟಿಪ್ಪರಿನ ಹಿಂದೆ ಇದ್ದಾಗ ಟಣ್ ಎಂದು ಸದ್ದಾಯಿತು. ಸ್ವಲ್ಪ ದೂರ ಹೋಗುವುದರೊಳಗೆ ಎ.ಸಿ.ಯಿಂದ ಬಿಸಿ ಗಾಳಿ ಬರತೊಡಗಿತು. ಅವತ್ತು ಏಪ್ರಿಲ್ ಮಧ್ಯಾಹ್ನ. ಮಗಳ ಮುಖ ಕೆಂಪಾಗಿ, ಮಾತು ತೊದಲಿ, ಕೊನೆಗೆ ಎಳನೀರು ಮಾರುವವನ ನೆರಳಿನಲ್ಲಿ ನಿಲ್ಲಿಸಿ ಅವನ ಬಕೆಟ್ಟಿನ ನೀರನ್ನೆಲ್ಲ ಅವಳ ತಲೆಗೆ ಸುರಿದೆ. ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿದವನೊಬ್ಬ ಕಂಡೆನ್ಸರಿನ ತೂತನ್ನು ಟಾರ್ಚು ಬಿಟ್ಟು ತೋರಿಸಿ, ರಸ್ತೆಯ ಕಲ್ಲಿಗೆ ಕಂಪನಿ ಹೊಣೆಯಲ್ಲ ಎಂದ. ಟಿಪ್ಪರಿನವನು ಹೊಣೆಯಲ್ಲ, ರಸ್ತೆಯವರು ಹೊಣೆಯಲ್ಲ, ಕಂಪನಿ ಹೊಣೆಯಲ್ಲ. ಹಾಗಾದರೆ ಹೊಣೆ ಯಾರು, ಬೆವರದ ನನ್ನ ಮಗಳೇ ಎಂದು ಕೇಳಿದೆ. ಅವನು ಟೈ ಸರಿಮಾಡಿಕೊಂಡು ಬೇರೆ ಗಿರಾಕಿಯ ಕಡೆ ಹೋದ.

ಆವತ್ತೇ ಬಲೆಯ ನಿರ್ಧಾರವಾಯಿತು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಲೆಗಳನ್ನು ರವಿಕೆ ಬಟ್ಟೆ ಆರಿಸಿದ ಹಾಗೆ ಬೆರಳು ತೂರಿಸಿ ಆರಿಸಿದೆ. ಕಣ್ಣು ತೀರ ಸಣ್ಣದಾದರೆ ಗಾಳಿ ಹೋಗುವುದಿಲ್ಲ, ದೊಡ್ಡದಾದರೆ ಜಲ್ಲಿ ನುಗ್ಗುತ್ತದೆ. ಕಿರುಬೆರಳು ತೂರದ, ಪೆನ್ಸಿಲು ತೂರುವ ಬಲೆ ತಂದು, ಬಂಪರು ಬಿಚ್ಚಿಸಿ, ಕಂಡೆನ್ಸರಿಗೆ ತಾಗದಂತೆ ಅಂತರ ಬಿಟ್ಟು ಕಟ್ಟಿಸಿದೆ. ಭಾನುವಾರ ಭಾನುವಾರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದಕ್ಕೆ ಸಿಕ್ಕ ಹುಳು ಹುಪ್ಪಟೆ ತೆಗೆಯುತ್ತೇನೆ. ಆಮೇಲೆ ಎಷ್ಟೋ ಕಲ್ಲು ಟಣ್ ಎಂದಿವೆ. ಒಂದೂ ಒಳಗೆ ಹೋಗಿಲ್ಲ.

ಇನ್ನು ನನ್ನ ಭಾವನವರ ವಿಷಯ. ನನ್ನ ಗಂಡನ ಅಣ್ಣ ಇವರು, ಇಲವಾಲ ದಾಟಿ ಒಳಗೆ ತಿರುಗಿದರೆ ಸಿಗುವ ಊರಿನಲ್ಲಿ ಇನ್ನೂ ಬೇಸಾಯ ಮಾಡಿಕೊಂಡಿದ್ದಾರೆ. ಅವರು ನನ್ನ ಮಗಳ ಕಾಯಿಲೆಯನ್ನು ಒಂದು ದಿನವೂ ನಂಬಿರಲಿಲ್ಲ. ಬೆವರದ ಮನುಷ್ಯರು ಎಲ್ಲಿದ್ದಾರೆ, ಪೇಟೆಯವರು ಮಗುವನ್ನು ಫ್ರಿಜ್ಜಿನಲ್ಲಿಟ್ಟು ಬೆಳೆಸಿದ್ದಾರೆ, ಒಂದು ವಾರ ಹೊಲಕ್ಕೆ ಕಳಿಸಲಿ, ತಾನಾಗಿಯೇ ಧಾರೆ ಧಾರೆ ಬೆವರುತ್ತಾಳೆ ಎಂದು ನೆಂಟರ ಎದುರಿಗೇ ಹೇಳುತ್ತಿದ್ದರು. ಡಾಕ್ಟರ ಮಾತನ್ನು ನಾನು ಅವರಿಗೆ ಎಷ್ಟು ಸಲ ಬಿಡಿಸಿ ಹೇಳಿದೆನೋ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾವು ಹೋದಾಗಲೆಲ್ಲ ಮಗಳನ್ನು ಕೂರಲು ಬಿಡುತ್ತಿರಲಿಲ್ಲ. ಎದ್ದು ಎಲೆ ಹಾಕು, ಕೊಟ್ಟಿಗೆಯಿಂದ ಕರು ಬಿಚ್ಚು, ಸೋಂಬೇರಿ, ಎಮ್ಮೆ ಎಂದು ಗದರುತ್ತಿದ್ದರು. ಅವಳು ನಗುತ್ತ ಎದ್ದು ಹೋಗುವಳು, ನಾನು ಒದ್ದೆ ಟವೆಲ್ಲು ಹಿಡಿದು ಹಿಂದೆ ಓಡುವೆ. ಆ ಮನುಷ್ಯನನ್ನು ಕಂಡರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ನನ್ನ ಗಂಡ ಅಣ್ಣನಿಗೆ ಎದುರಾಡಿದವರಲ್ಲ. ಕೇಳಿದರೆ ಇಬ್ಬರು ಹೇಳುವುದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ಅವರ ಒಳ್ಳೆಯತನವನ್ನು ಊರೆಲ್ಲ ಹೊಗಳುತ್ತದೆ. ಊರಿನವರು ಅವರೊಂದಿಗೆ ಸಂಸಾರ ಮಾಡಿಲ್ಲ.

ಅತ್ತೆ ತೀರಿಕೊಂಡಮೇಲೆ ವರ್ಷಕ್ಕೊಮ್ಮೆ ಅವರಿಗೆ ಎಡೆ ಇಡುವ ದಿನ ನಾವು ಊರಿಗೆ ಹೋಗಲೇಬೇಕು. ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಪೂಜೆ ಮಾಡಿ, ಹಿರಿಯರು ಉಂಡರು ಎಂದಮೇಲೆ ನಾವು ಉಣ್ಣುವುದು. ಭಾವನವರ ಲೆಕ್ಕದಲ್ಲಿ ಎಡೆ ನಡುಹಗಲಿನೊಳಗೆ ಆಗಬೇಕು. ಬೆಳಗಿನ ತಂಪಿನಲ್ಲೇ ಹೋಗಿಬಿಡೋಣ ಎಂದು ನಾನು ಹಿಂದಿನ ದಿನದಿಂದ ಹೇಳುತ್ತಿದ್ದೆ. ನನ್ನ ಗಂಡನಿಗೆ ಅವತ್ತೇ ಕಾರ್ಖಾನೆಯಲ್ಲಿ ಏನೋ ಸಹಿ ಹಾಕುವುದಿತ್ತು, ಹೊರಡುವಾಗ ಬಿಸಿಲೇರಿತ್ತು. ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಓಡಿಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಅದಕ್ಕೆ ಅಷ್ಟು ತಾಳ್ಮೆಯೂ ಇರಲಿಲ್ಲ, ಮುಂಚೆಯೇ ಓಡಿಹೋಗಿತ್ತು. ಮಗಳನ್ನು ಬಿಟ್ಟು ಹೋಗೋಣವೆಂದರೆ ಅವಳು ಕೇಳಲಿಲ್ಲ. ಅಜ್ಜಿಯ ಎಡೆಗೆ ತಾನೇ ಎಲೆ ಹಾಕಬೇಕೆಂದು ಹಟ.

ಊರು ಇನ್ನೇನು ಬಂತು ಎನ್ನುವಾಗ ರಸ್ತೆ ಕಾಣೆಯಾಯಿತು. ಡಾಂಬರಿನ ಈ ತುದಿಯಿಂದ ಆ ತುದಿಯವರೆಗೆ ಹುರುಳಿ ಬಳ್ಳಿ ಹಾಸಿದ್ದರು, ಮೊಣಕಾಲಿನೆತ್ತರ, ಭಾವನವರ ಮನೆಯ ಬಾಗಿಲಿನವರೆಗೂ. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಕಣ ಮಾಡಿ, ಬೆಳೆಯ ಮೇಲೆ ರೋಣಗಲ್ಲು ಉರುಳಿಸಿ ಒಕ್ಕುವವರು ಈಗ ಯಾರೂ ಇಲ್ಲ. ಸರ್ಕಾರ ಡಾಂಬರು ಹಾಕಿಸಿದ ದಿನವೇ ಕಣ ರಸ್ತೆಗೆ ಬಂತು. ಬೆಳೆ ಹಾಸಿಟ್ಟು ಪಕ್ಕದಲ್ಲಿ ಬೀಡಿ ಸೇದುತ್ತ ಕೂತರೆ, ಹೋಗಿ ಬರುವ ಬಸ್ಸು, ಲಾರಿ, ಕಾರುಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಹುರುಳಿ ಬಳ್ಳಿ ದಾರದಂತೆ ಕೆಳಗಿನ ಅಚ್ಚಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡು, ಕಾರುಗಳು ಸುಟ್ಟುಹೋದದ್ದನ್ನು ಊರಿಗೆ ಊರೇ ಕೇಳಿದೆ. ಕೇಳಿದರೇನು, ಸುಟ್ಟದ್ದು ಕಂಡವರ ಕಾರು.

ನಾನು ಕಾರು ನಿಲ್ಲಿಸಿದೆ. ಎ.ಸಿ. ಓಡುತ್ತಿತ್ತು, ಮಗಳು ಹಿಂದೆ ತಂಪಾಗಿ ಕೂತಿದ್ದಳು. ಈ ಸೆತ್ತೆಯೊಳಗೆ ನುಗ್ಗಿದರೆ ಬಲೆ ತುಂಬಿಕೊಂಡು ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ತಂಪು ನಿಲ್ಲುತ್ತದೆ. ಬಲೆ ಇಲ್ಲದಿದ್ದರೆ ಕಂಡೆನ್ಸರಿನ ಎಸಳಿಗೇ ನುಗ್ಗುತ್ತಿತ್ತು, ಅದು ಬೇರೆ ಮಾತು. ನಡೆದು ಹೋಗೋಣವೆಂದರೆ ನೆತ್ತಿಯ ಮೇಲೆ ಬಿಸಿಲು. ಇರುವುದು ಒಂದೇ ದಾರಿ. ಹಾಸಿದವರೇ ಒಂದು ಜಾಡು ಬಿಡಿಸಿಕೊಡಬೇಕು. ನನ್ನ ಗಂಡನಿಗೆ ಕಾರಿನಿಂದ ಇಳಿಯಬೇಡಿ, ಎ.ಸಿ. ಆರಿಸಬೇಡಿ ಎಂದು ಹೇಳಿ ನಾನೊಬ್ಬಳೇ ಇಳಿದು ಸೆತ್ತೆ ತುಳಿದುಕೊಂಡು ಹೋದೆ.

ಭಾವನವರು ಕವೆಗೋಲಿನಿಂದ ಬಳ್ಳಿ ತಿರುವಿಹಾಕುತ್ತಿದ್ದರು. ರಸ್ತೆಯ ಅಂಚಿನಲ್ಲಿ ಸಗಣಿಯ ಬೆನಕ, ತಲೆಗೆ ಗರಿಕೆ, ಮುಂದೆ ಒಡೆದ ಕಾಯಿ. ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು.

"ಎಕ್ಕಡ ಆಚೆ ಬುಡಮ್ಮ. ಕಣ ಇದು."

ಬಸ್ಸಿನ ಚಕ್ರ ಬರಬಹುದು, ನಾಯಿ ಬರಬಹುದು, ನನ್ನ ಚಪ್ಪಲಿ ಬರಬಾರದು. ಚಪ್ಪಲಿ ಬಿಡಲಿಲ್ಲ. ಕಾರಿಗೊಂದು ಜಾಡು ಬಿಡಿಸಿಕೊಡಿ, ಮಗಳಿದ್ದಾಳೆ ಎಂದೆ. ಕಣಕ್ಕೆ ಪೂಜೆಯಾಗಿದೆ, ತೂರುವವರೆಗೂ ಸರಿಸಬಾರದು ಎಂದರು. ಇದು ಕಣವಲ್ಲ, ರಸ್ತೆ ಎಂದೆ. ಹಾಗಾದರೆ ರಸ್ತೆಯಲ್ಲಿ ಬರುವ ಹಾಗೆ ಬಾ, ಯಾರು ಬೇಡವೆಂದರು ಎಂದರು.

"ಬಸ್ಸೇ ಓಯ್ತದೆ, ನಿನ್ ಕಾರ್ಗೇನಮ್ಮ ದಾಡಿ? ಕುಕ್ಕೆ ಬ್ಯಾರೆ ಕಟ್ಟಿದ್ದೀಯ."

ಪಕ್ಕದಲ್ಲಿ ಕೂತಿದ್ದವರು ನಕ್ಕರು. ಭಾವನವರ ಕೈಯಿಂದ ಕವೆಗೋಲು ಕಿತ್ತುಕೊಂಡು ನಾನೇ ಬಳ್ಳಿಯನ್ನು ಎತ್ತಿ ಎತ್ತಿ ಚರಂಡಿಗೆ ಎಸೆಯತೊಡಗಿದೆ. ಹೆಂಗಸು ಕಣದ ಬೆಳೆ ಚೆಲ್ಲುತ್ತಾಳೆ ಎಂದು ಅವರು ಕೂಗಾಡಿದರು. ನನ್ನ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಯಿತು. ಅವರ ಅಂಗಿ ಮೈಗೆ ಅಂಟಿಕೊಂಡಿತ್ತು. ಅಲ್ಲಿದ್ದವರೆಲ್ಲರೂ ಬೆವರುತ್ತಿದ್ದೆವು.

ಅಷ್ಟರಲ್ಲಿ ನಮ್ಮ ಕಾರಿನ ಹಿಂದೆ ಬಸ್ಸು ಬಂದು ಹಾರನ್ನು ಹೊಡೆಯತೊಡಗಿತು. ನನ್ನ ಗಂಡನಿಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡು ಅಭ್ಯಾಸವಿಲ್ಲ. ನಾನು ತಿರುಗಿ ನೋಡುವಾಗ ಅವರು ಇಳಿದು, ಸುತ್ತಿ ಬಂದು, ನನ್ನ ಸೀಟಿನಲ್ಲಿ ಕೂತಿದ್ದರು. ಬೇಡ ಎಂದು ನಾನು ಕೈಯಾಡಿಸುತ್ತಿರುವಂತೆಯೇ ಕಾರು ಹುರುಳಿಯೊಳಗೆ ನುಗ್ಗಿತು. ಮೊದಲು ಸರಸರನೆ ಬಂತು. ಆಮೇಲೆ ಬಳ್ಳಿ ಕಾರಿನ ಮುಂದೆ ರಾಶಿಯಾಗುತ್ತ, ಕೆಳಗೆ ಸುತ್ತಿಕೊಳ್ಳುತ್ತ, ವೇಗ ಇಳಿಯುತ್ತ, ಕಣದ ನಟ್ಟನಡುವೆ ಕಾರು ನಿಂತುಬಿಟ್ಟಿತು. ಅಡಿಯಿಂದ ತೆಳ್ಳಗೆ ಹೊಗೆ ಬಂತು.

ನಾನು ಓಡಿದೆ. ಬಲೆ ಕಾಣುತ್ತಿರಲಿಲ್ಲ, ಅಲ್ಲೊಂದು ಹುಲ್ಲಿನ ಗೋಡೆ ಇತ್ತು. ಬಾಗಿಲು ತೆರೆದರೆ ಒಳಗಿನಿಂದ ಒಲೆಯ ಉರಿಯಂಥ ಗಾಳಿ ಹೊಡೆಯಿತು. ಎ.ಸಿ. ಬಿಸಿಯನ್ನೇ ಉಗುಳುತ್ತಿತ್ತು. ಬಾಟಲಿಯ ನೀರನ್ನು ಮಗಳು ಆಗಲೇ ತಲೆಗೆ ಸುರಿದುಕೊಂಡಿದ್ದಳು, ಅದೂ ಆರುತ್ತಿತ್ತು. ಅವಳ ಮುಖ ಕಡುಕೆಂಪಾಗಿತ್ತು. ಇಳಿ ಎಂದರೆ ನನ್ನನ್ನು ನೋಡಿದಳೇ ಹೊರತು ಇಳಿಯಲಿಲ್ಲ. ಕೈಯಲ್ಲಿ ಹಿಡಿದು ಎಳೆದರೆ ಕಾಲು ಮಡಿಚಿಕೊಂಡು ಸೆತ್ತೆಯ ಮೇಲೆ ಕುಸಿದಳು. ನನ್ನ ಗಂಡ ಬೆಂಕಿ ಹತ್ತೀತೆಂದು ಕಾರಿನ ಕೆಳಗೆ ತೂರಿ ಬಳ್ಳಿ ಕೀಳುತ್ತಿದ್ದರು. ನನಗೆ ಹೆದರಿಕೆಯಾಯಿತು. ಜೀವನದಲ್ಲಿ ಅಷ್ಟು ಹೆದರಿಕೆ ನನಗೆ ಆಗಿಲ್ಲ.

ಬೆಳೆಗೆ ಬೆಂಕಿ ಬೀಳುತ್ತದೆ ಎಂದು ಬೈಯುತ್ತಲೇ ಭಾವನವರು ಬಂದರು. ಎದ್ದೇಳು ಎಮ್ಮೆ, ದಾರಿ ಬಿಡು ಎಂದು ಮಗಳ ತೋಳು ಹಿಡಿದು ಎಬ್ಬಿಸಲು ಹೋದರು. ಹಿಡಿದವರು ತಟ್ಟನೆ ಕೈ ಬಿಟ್ಟರು. ಮತ್ತೆ ಅವಳ ಹಣೆ ಮುಟ್ಟಿದರು, ಕತ್ತು ಮುಟ್ಟಿದರು. ತಮ್ಮ ಹಣೆಯನ್ನು ಒರೆಸಿಕೊಂಡು ಒದ್ದೆಯಾದ ಅಂಗೈಯನ್ನು ನೋಡಿಕೊಂಡರು.

"ಇದೇನವ್ವಾ, ಎಂಚು ಕಾದಂಗೆ ಕಾದದೆ. ಒಂದ್ ತೊಟ್ಟು ಬೆವ್ರಿಲ್ಲ."

"ಇಷ್ಟ್ ವರ್ಷ ನಾನ್ ಬಾಯಲ್ಲಿ ಹೇಳಿದ್ದು ಸಾಲ್ಲಿಲ್ಲ," ಎಂದೆ. "ನೀವು ಕೈಲಿ ಮುಟ್ಟಿ ನೋಡ್ಬೇಕಾಯ್ತು ಅಲ್ವಾ ಭಾವ."

ಅವರು ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸೆತ್ತೆಯಲ್ಲಿ ಎಡವುತ್ತ, ಹೊಂಗೆಮರದ ಕೆಳಗಿನ ದನಗಳ ನೀರಿನ ತೊಟ್ಟಿಯ ಕಡೆಗೆ ಓಡಿದರು. ದಾರಿಯಲ್ಲಿ ಬೆನಕನಿಗೆ ಕಾಲು ತಾಗಿ ಅದು ಉರುಳಿತು. ತೊಟ್ಟಿಯೊಳಗೇ ಅವಳನ್ನು ಕೂರಿಸಿ, ಚೊಂಬಿನಲ್ಲಿ ಮೊಗೆದು ಮೊಗೆದು ನೆತ್ತಿಗೆ ಸುರಿದರು. ಅವರ ಹೆಂಡತಿ ಓಡಿಬಂದು ಟವೆಲ್ಲು ನೆನೆಸಿ ಕತ್ತಿಗೆ ಸುತ್ತಿದರು. ಸ್ವಲ್ಪ ಹೊತ್ತಿಗೆ ಮಗಳು ಕಣ್ಣುಬಿಟ್ಟು, ನೀರಿನಲ್ಲಿ ಪಾಚಿ ವಾಸನೆ ಎಂದಳು. ಆಗ ನನ್ನ ಎದೆಯ ಭಾರ ಇಳಿಯಿತು.

ಎಡೆ ಹೊತ್ತು ಮೀರಿ ಆಯಿತು. ಅದರ ಬಗ್ಗೆ ಭಾವನವರು ಒಂದು ಮಾತೂ ಆಡಲಿಲ್ಲ. ಮಗಳು ಎಲೆ ಹಾಕಲು ಏಳಹೋದರೆ ಬೇಡವೆಂದು ಕೈಸನ್ನೆ ಮಾಡಿ, ಫ್ಯಾನಿನ ಕೆಳಗೆ ಮಂಚ ಎಳೆಸಿ ಮಲಗಿಸಿದರು. ಬೇರೆ ಮಕ್ಕಳು ಗಲಾಟೆ ಮಾಡಿದರೆ ಸುಮ್ಮನಿರಿಸಿದರು. ಎಲ್ಲರೂ ಸಾಲಾಗಿ ಕೂತು ಉಂಡೆವು, ಅವಳ ತಟ್ಟೆ ಕೋಣೆಗೆ ಹೋಯಿತು. ಸಂಜೆ ಬಲೆಯ ಸೆತ್ತೆಯನ್ನು ಭಾವನವರೇ ಕೂತು ಒಂದೊಂದೇ ಕಡ್ಡಿಯಾಗಿ ಬಿಡಿಸಿದರು. ಒಳಗೆ ಟಾರ್ಚು ಬಿಟ್ಟು ನೋಡಿದೆ. ಕಂಡೆನ್ಸರಿನ ಒಂದು ಎಸಳೂ ಬಾಗಿರಲಿಲ್ಲ. ಹೊರಡುವಾಗ ಅವರು ಕಿಟಕಿಯ ಹತ್ತಿರ ಬಂದು ಮಗಳಿಗೆ ಮೆಲ್ಲಗೆ ಹೇಳಿದರು.

"ಇನ್ಮೇಲೆ ನೀನ್ ಬರ್ಬ್ಯಾಡ ಕಣವ್ವ. ಮನೇಲೇ ಇರು. ಎಡೆ ನಾನೇ ತಂದ್ಕೊಡ್ತೀನಿ."

ಅವತ್ತು ನಾನು ಕಾರು ಓಡಿಸಿಕೊಂಡು ಬಂದ ಖುಷಿ ಹೇಳತೀರದು. ಕೊನೆಗೂ ಆ ಮನುಷ್ಯನ ಬಾಯಿ ಮುಚ್ಚಿತು ಎಂದು ದಾರಿಯುದ್ದಕ್ಕೂ ಗಂಡನಿಗೆ ಹೇಳಿ ಹೇಳಿ ಚುಚ್ಚಿದೆ. ಹಿಂದೆ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ದಣಿದಿದ್ದಾಳೆ ಎಂದುಕೊಂಡೆ.

ಮರುವರ್ಷ ಎಡೆಗೆ ನನ್ನ ಗಂಡ ಒಬ್ಬರೇ ಹೋಗಿಬಂದರು. ಆಗಲೂ ಭಾವನವರು ರಸ್ತೆಗೆ ಹುರುಳಿ ಹಾಸಿದ್ದರಂತೆ. ಅದನ್ನೇನೂ ಬಿಡಲಿಲ್ಲ. ಆದರೆ ಎಡೆಯ ಮಾರನೆಯ ದಿನ ಹೇಳಿದಂತೆಯೇ ಕ್ಯಾರಿಯರ್ ಹಿಡಿದು ಕುಂಬಾರಕೊಪ್ಪಲಿಗೆ ಬಂದರು. ಮೊದಲೆಲ್ಲ ಅವರು ಬೀದಿಯ ತುದಿಗೆ ಬಂದರೆ ನಮ್ಮ ಮನೆಗೆ ಗೊತ್ತಾಗುತ್ತಿತ್ತು, ಸೋಂಬೇರಿ ಎದ್ದಳೇನಮ್ಮ ಎಂದು ಗೇಟಿನಿಂದಲೇ ಕೂಗುತ್ತಿದ್ದರು. ಅವತ್ತು ಒಳಗೆ ಬಂದದ್ದೇ ತಿಳಿಯಲಿಲ್ಲ. ಮಗಳ ಕೋಣೆಯ ಬಾಗಿಲು ಮುಚ್ಚಿತ್ತು. ನಾನು ಕರೆದೆ, ಅವಳು ಬರಲಿಲ್ಲ. ಮತ್ತೆ ಕರೆಯಲು ಹೋದರೆ ಭಾವನವರು ನನ್ನನ್ನು ತಡೆದರು.

"ಮನಗ್ಲಿ ಬುಡಮ್ಮ. ಉಸಾರಿಲ್ವೇನೋ, ಪಾಪ."

ಕಾಫಿ ಕುಡಿದು, ಲೋಟವನ್ನು ಸದ್ದಾಗದಂತೆ ಇಟ್ಟು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ನಾನು ಕೋಣೆಯ ಬಾಗಿಲು ದೂಡಿ ಮಗಳನ್ನು ಚೆನ್ನಾಗಿ ಬೈದೆ. ಹಿರಿಯರು ಅಷ್ಟು ದೂರದಿಂದ ಬಂದಿದ್ದಾರೆ, ಎದ್ದು ಮುಖ ತೋರಿಸಲಾರದಷ್ಟು ಏನಾಗಿತ್ತು ನಿನಗೆ ಎಂದೆ. ಅವಳು ಮಲಗಿರಲಿಲ್ಲ. ಮಂಚದ ತುದಿಯಲ್ಲಿ, ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತಿದ್ದಳು.

"ಎಲ್ಲರೂ ನನ್ನನ್ನ ಕಾಯಿಲೆಯವಳು ಅಂತಾನೇ ನೋಡ್ತಿದ್ರು ಅಮ್ಮ," ಎಂದಳು. "ದೊಡ್ಡಪ್ಪ ಒಬ್ರೇ ಕಣಮ್ಮ ಸೋಂಬೇರಿ ಅಂತ ಬೈತಿದ್ದಿದ್ದು. ಗೇಟಿಂದ ಕೂಗ್ತಾರೆ ಅಂತ ಕಾಯ್ತಾ ಕೂತಿದ್ದೆ. ಈಗ ಅವ್ರೂ ಪಾಪ ಅಂದ್ಬುಟ್ರು."

ನನಗೆ ಸಿಟ್ಟು ಬಂತು. ಅವಳ ಮೇಲೋ, ಅವರ ಮೇಲೋ, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅಡುಗೆಮನೆಗೆ ಹೋಗಿ ಕ್ಯಾರಿಯರ್ ಬಿಚ್ಚಿ, ಅತ್ತೆಗೆ ಇಷ್ಟವಾಗಿದ್ದ ಹುರುಳಿ ಬಸ್ಸಾರು, ಮುದ್ದೆ, ಪಾಯಸ ಎಲ್ಲವನ್ನೂ ತಟ್ಟೆಗೆ ಬಡಿಸಿ, ಇಲ್ಲೇ ಬಂದು ತಿನ್ನು, ಕೋಣೆಗೆ ತಂದುಕೊಡಲು ನನಗೆ ಆಗುವುದಿಲ್ಲ ಎಂದು ಕೂಗಿದೆ. ಅವಳು ಬಂದು ಕೂತು, ನನ್ನ ಮುಖ ನೋಡದೆ, ಊಟ ಮಾಡಿದಳು.